ಕಾಗದ ನೋಡಿದ್ದೀರಿ, ಕಟ್ಟಡ ನೋಡಿದ್ದೀರಾ?

ನಮಸ್ಕಾರ. ಹಳೆಯ ಫ್ಲ್ಯಾಟ್ ಖರೀದಿಯ ಕುರಿತು ಮಾಡಿದ್ದ ಕಳೆದ ಸಂಚಿಕೆಗೆ ವೀಕ್ಷಕರೊಬ್ಬರು ಹೀಗೆ ಪ್ರತಿಕ್ರಿಯೆ ಬರೆದಿದ್ದಾರೆ: "ಸರ್, ವಕೀಲರು ಕಾಗದಪತ್ರ ನೋಡಿದ್ದಾರೆ, ಬ್ಯಾಂಕಿನವರು ಸಾಲವನ್ನೂ ಮಂಜೂರು ಮಾಡಿದ್ದಾರೆ, ಇನ್ನು ಎಂಜಿನಿಯರ್ ಯಾಕೆ? ಸುಮ್ಮನೆ ಜನರನ್ನು ಹೆದರಿಸಬೇಡಿ." ಹೆದರಿಸುವುದೇ ನನ್ನ ಉದ್ದೇಶವಾಗಿದ್ದರೆ ಬೆಂಗಳೂರಿನ ನೀರಿನ ಬಗ್ಗೆ ಮಾತನಾಡುತ್ತಿದ್ದೆ. ಇವತ್ತು ಹೇಳುವುದು ಒಂದೇ ಮಾತು: ಮುಂಗಡ ಕೊಡುವ ಮೊದಲು, ನೀವೇ ಶುಲ್ಕ ಕೊಟ್ಟು ಕರೆತಂದ ಸಿವಿಲ್ ಎಂಜಿನಿಯರ್ ಒಬ್ಬರು ಆ ಮನೆಯನ್ನು ಪರಿಶೀಲಿಸಬೇಕು.

ಮೊದಲು ಬ್ಯಾಂಕಿನ ವಿಷಯ. ಬ್ಯಾಂಕು ಕಳಿಸುವ ಮೌಲ್ಯಮಾಪಕರು ನೋಡುವುದು ಬ್ಯಾಂಕಿನ ಹಣ ಭದ್ರವೇ ಎಂಬುದನ್ನು. ಮನೆಯ ಬೆಲೆ 80 ಲಕ್ಷವಾದರೆ ರಿಸರ್ವ್ ಬ್ಯಾಂಕಿನ ಮಿತಿಯ ಪ್ರಕಾರ ಹೆಚ್ಚೆಂದರೆ ಶೇ. 80, ಅಂದರೆ 64 ಲಕ್ಷ ಸಾಲ ಸಿಗುತ್ತದೆ. ಉಳಿದ 16 ಲಕ್ಷ ನಿಮ್ಮ ಕೈಯಿಂದ ಹೋಗಬೇಕು. ಕಟ್ಟಡದ ದೋಷದಿಂದ ಬೆಲೆ ಕುಸಿದರೆ ಮೊದಲು ಕರಗುವುದು ನಿಮ್ಮ ಆ 16 ಲಕ್ಷವೇ ಹೊರತು ಬ್ಯಾಂಕಿನ ಪಾಲಲ್ಲ. ಇನ್ನು ವಕೀಲರು ಮೂಲಪತ್ರ, ಆಸ್ತಿಯ ಮೇಲೆ ಸಾಲವಿದೆಯೇ ಎಂದು ತೋರಿಸುವ ಋಣಭಾರ ಪ್ರಮಾಣಪತ್ರ, ಇ-ಖಾತೆ ಎಲ್ಲವನ್ನೂ ಶ್ರದ್ಧೆಯಿಂದ ನೋಡುತ್ತಾರೆ, ಆದರೆ ಯಾವ ಋಣಭಾರ ಪ್ರಮಾಣಪತ್ರದಲ್ಲೂ "ಸ್ನಾನದ ಮನೆ ಸೋರುತ್ತದೆ" ಎಂದು ಬರೆದಿರುವುದಿಲ್ಲ.

ಆ ಸ್ನಾನದ ಮನೆಯನ್ನೇ ನೋಡೋಣ. ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಪೈಪುಗಳಿಗಾಗಿ ಅಲ್ಲಿಯ ಸ್ಲ್ಯಾಬನ್ನು ತಗ್ಗಿಸಿ, ಆ ತಗ್ಗಿಗೆ ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಸಿರುತ್ತಾರೆ. ಒಳಗಿನ ಜಲನಿರೋಧಕ ಪದರ ಕೆಟ್ಟರೆ ನೀರು ಅಲ್ಲೇ ನಿಂತು, ನಿಧಾನವಾಗಿ ಪಕ್ಕದ ಮಲಗುವ ಕೋಣೆಯ ಗೋಡೆಯ ಬುಡಕ್ಕೋ ಕೆಳಗಿನ ಮನೆಯ ಛಾವಣಿಗೋ ಇಳಿಯುತ್ತದೆ. ಮಾರುವವರು ಆ ಒಂದು ಗೋಡೆಗೆ ಮಾತ್ರ ಹೊಸದಾಗಿ ಬಣ್ಣ ಬಳಿಸಿದ್ದರೆ ನೀವು "ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ" ಎಂದು ಮೆಚ್ಚಿಕೊಳ್ಳುತ್ತೀರಿ. ಅನುಭವಿ ಎಂಜಿನಿಯರ್ ಮಾತ್ರ ಆ ಗೋಡೆಗೆ ತೇವಮಾಪಕ ಹಿಡಿದು, ಟೈಲ್ಸನ್ನು ತಟ್ಟಿ ಟೊಳ್ಳು ಸದ್ದು ಕೇಳಿ, ಕೊನೆಗೆ ಕೆಳಗಿನ ಮನೆಯವರ ಬಾಗಿಲು ಬಡಿದು, "ಸ್ವಲ್ಪ ನಿಮ್ಮ ಬಾತ್‌ರೂಮಿನ ಛಾವಣಿ ನೋಡಬಹುದೇ?" ಎಂದು ಕೇಳುತ್ತಾರೆ. ಕೆಳಮನೆಯವರಿಗೆ ಹೇಳಿಕೊಳ್ಳಲು ಬೇಕಾದಷ್ಟು ದೂರುಗಳಿರುತ್ತವೆ, ಕೇಳುವವರು ಬೇಕಷ್ಟೆ.

"ದೋಷವಿದ್ದರೆ ಕಾನೂನಿದೆಯಲ್ಲ" ಎನ್ನುವವರಿಗೂ ಉತ್ತರವಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಮಾರುವವರು ತಮಗೆ ಗೊತ್ತಿರುವ ಮುಖ್ಯ ದೋಷವನ್ನು ತಿಳಿಸಲೇಬೇಕು, ಆದರೆ ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ ದೋಷಕ್ಕೆ ಮಾತ್ರ ಈ ಹೊಣೆ ಅನ್ವಯಿಸುತ್ತದೆ. ಕಣ್ಣೆದುರಿಗೇ ಇದ್ದ ಬಿರುಕನ್ನು ನೀವು ನೋಡದಿದ್ದರೆ ಅದು ನಿಮ್ಮ ತಲೆಗೇ ಬರುತ್ತದೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14ನೇ ಸೆಕ್ಷನ್ ಬಿಲ್ಡರ್ ಮೇಲೆ ಹೊಣೆ ಹೊರಿಸುವುದು ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದವರೆಗೆ ಕಾಣಿಸಿಕೊಂಡ ದೋಷಗಳಿಗೆ. ನೀವು ಕೊಳ್ಳುತ್ತಿರುವುದು ಹನ್ನೆರಡು ವರ್ಷದ ಹಳೆಯ ಫ್ಲ್ಯಾಟು. ಆದ್ದರಿಂದ ಮತ್ತೆ ಹೇಳುತ್ತೇನೆ, ಮುಂಗಡಕ್ಕೂ ಮೊದಲು ಎಂಜಿನಿಯರ್.

ಹೊಸ ಕಟ್ಟಡವಾದರೆ ಚಿಂತೆಯಿಲ್ಲ ಎಂದುಕೊಳ್ಳಬೇಡಿ. ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡೈಸೊ ಹಳೆಯ ವಠಾರವೇನೂ ಆಗಿರಲಿಲ್ಲ. 2022ರ ಫೆಬ್ರುವರಿ 10ರಂದು ಅಲ್ಲಿನ ಒಂದು ಗೋಪುರದ ಭಾಗ ಮಹಡಿಯಿಂದ ಮಹಡಿಗೆ ಕುಸಿದು ಇಬ್ಬರು ಸತ್ತರು. ಐಐಟಿ ದೆಹಲಿಯ ತಜ್ಞರು ಪರಿಶೀಲಿಸಿದಾಗ ಕಾಂಕ್ರೀಟಿನಲ್ಲಿ ಕಂಬಿಗೆ ತುಕ್ಕು ಹಿಡಿಸುವ ಕ್ಲೋರೈಡ್ ಇದ್ದದ್ದು, ಕಂಬಿಗಳು ತುಕ್ಕು ಹಿಡಿದದ್ದು ಹೊರಬಂತು. ಮನೆ ನೋಡಲು ಹೋದವರು ಕ್ಲಬ್‌ಹೌಸ್ ನೋಡುತ್ತಾರೆ, ಈಜುಕೊಳ ನೋಡುತ್ತಾರೆ. ಕಂಬಿಯ ವಿಚಾರ ಯಾರಿಗೆ ಬೇಕು?

"ಖರ್ಚು ಜಾಸ್ತಿ" ಎಂಬ ಆಕ್ಷೇಪ ಕೇಳಿದಾಗಲಂತೂ ನನಗೆ ನಗು ಬರುತ್ತದೆ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಅದಕ್ಕೆ ಶೇ. 5ರ ಮುದ್ರಾಂಕ ಶುಲ್ಕ ಸೇರಿದರೆ 80 ಲಕ್ಷದ ಮನೆಗೆ 5 ಲಕ್ಷ 60 ಸಾವಿರವಾಗುತ್ತದೆ, ಸೆಸ್ಸು ಸರ್‌ಚಾರ್ಜು ಬೇರೆ. ಅದರ ಮೇಲೆ ದಲ್ಲಾಳಿಗೆ ಕಮಿಷನ್ ಕೊಡುತ್ತೀರಿ. ವಾಸ್ತು ಪಂಡಿತರನ್ನು ಕಾರಿನಲ್ಲಿ ಕರೆತಂದು, ಒಲೆ ಆಗ್ನೇಯಕ್ಕಿದೆಯೇ ಎಂದು ದಿಕ್ಸೂಚಿ ಹಿಡಿಸಿ, ಹಣ್ಣು, ತಾಂಬೂಲ, ದಕ್ಷಿಣೆ ಕೊಟ್ಟು ಕಳಿಸುತ್ತೀರಿ. ಒಲೆಯ ಮೇಲಿನ ಸ್ಲ್ಯಾಬ್ ಯಾವ ಸ್ಥಿತಿಯಲ್ಲಿದೆ ಎಂದು ನೋಡುವ ಎಂಜಿನಿಯರಿಗೆ ಶುಲ್ಕ ಕೊಡುವಾಗ ಮಾತ್ರ ನಿಮಗೆ ಉಳಿತಾಯ ನೆನಪಾಗುತ್ತದೆ! ಅಮೆರಿಕದಲ್ಲಿರುವ ನಮ್ಮವರು ಅಲ್ಲಿ ಮನೆ ಕೊಳ್ಳುವಾಗ ಇನ್‌ಸ್ಪೆಕ್ಷನ್ ಇಲ್ಲದೆ ಮುಂದುವರಿಯಲು ಹಿಂಜರಿಯುತ್ತಾರೆ. ಅವರೇ ಬೆಂಗಳೂರಿನ ಫ್ಲ್ಯಾಟನ್ನು ಭಾವಮೈದುನ ಕಳಿಸಿದ ವಾಟ್ಸ್ಆ್ಯಪ್ ವಿಡಿಯೊ ನೋಡಿ ಒಪ್ಪಿಬಿಡುತ್ತಾರೆ. ಈ ಮಾತು ಹೌದೆನ್ನಿಸಿದರೆ ಚಾನೆಲ್ಲಿಗೆ ಚಂದಾದಾರರಾಗಿ, ಆ ಭಾವಮೈದುನನಿಗೂ ವಿಡಿಯೊ ಕಳಿಸಿ.

ಮಾರುವವರಿಗೆ ಬೇಜಾರಾಗುತ್ತದಂತೆ. ಆಗಲಿ! ಎಂಜಿನಿಯರನ್ನು ಒಳಗೆ ಬಿಡದ ಮಾಲೀಕರ ಮನೆ ನಿಮಗೆ ಯಾಕೆ ಬೇಕು? "ಬೇರೆ ಪಾರ್ಟಿ ರೆಡಿ ಇದೆ, ಇವತ್ತೇ ಅಡ್ವಾನ್ಸ್ ಹಾಕಿ" ಎಂದು ದಲ್ಲಾಳಿ ಅವಸರಪಡಿಸುತ್ತಾರಂತೆ. ಆ ಬೇರೆ ಪಾರ್ಟಿಯೇ ಕೊಳ್ಳಲಿ, ಸೋರುವ ಸ್ನಾನದ ಮನೆಯೂ ಅವರಿಗೇ ಇರಲಿ. ಮುಂಗಡಕ್ಕೂ ಮೊದಲು ಎಂಜಿನಿಯರ್, ಎಂಜಿನಿಯರ್, ಎಂಜಿನಿಯರ್. ಇದಕ್ಕಿಂತ ಜೋರಾಗಿ ಹೇಳಿದರೆ ಈ ಮೈಕು ಕೆಡುತ್ತದೆ, ಅದರ ಕಂತು ಇನ್ನೂ ತೀರಿಲ್ಲ. ಪರಿಶೀಲನೆಯ ವರದಿಯನ್ನು ಮುಂದಿಟ್ಟು ಬೆಲೆ ಇಳಿಸುವುದು ಹೇಗೆಂದು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ. ಅಲ್ಲಿಯವರೆಗೆ ಯಾರೂ ಯಾರಿಗೂ ಮುಂಗಡ ಕೊಡಬೇಡಿ.