ಹ್ಮಾಂಗ್ ಕಲಿಯೋ ಮೊದಲ ವಾರ: ಕೊನೇ ಅಕ್ಷರ ಓದೋಕಲ್ಲ

ನಮಸ್ಕಾರ ಎಲ್ಲರಿಗೂ. ಹಿಂದೆ ಕಾಣ್ತಿರೋದು ವಾಸಾಚ್ ಬೆಟ್ಟಸಾಲು. ಊರು ಪ್ರೊವೊ, ಅಮೆರಿಕದ ಯೂಟಾ. ರಸ್ತೆಯಾಚೆ ಇರೋ ಈ ಕಟ್ಟಡಗಳೇ ಮಿಷನರಿ ತರಬೇತಿ ಕೇಂದ್ರ, ಲ್ಯಾಟರ್ ಡೇ ಸೇಂಟ್ಸ್ ಚರ್ಚಿನದು. ಮಾರ್ಮನ್ ಅಂದ್ರೆ ಬೇಗ ಗೊತ್ತಾಗತ್ತೆ. ಒಳಗೆ ಪಾಠ ನಡೀತಿರತ್ತೆ, ಕ್ಯಾಮೆರಾ ಹಿಡ್ಕೊಂಡು ನುಗ್ಗೋದು ಸರಿಯಲ್ಲ, ಹೊರಗಿಂದಲೇ ನೋಡ್ಕೊಳ್ಳಿ. ಹುಡುಗರು 18 ತುಂಬಿದ ಮೇಲೆ ಬರ್ತಾರೆ, 24 ತಿಂಗಳ ಸೇವೆ. ಖರ್ಚು ಅವರದ್ದೇ: ಅಮೆರಿಕದೋರು ಮೊದಲು ತಿಂಗಳಿಗೆ 400 ಡಾಲರ್ ಕಟ್ತಿದ್ರು, 2020ರ ಜುಲೈಯಿಂದ 500. ಎದೆ ಮೇಲೆ ಕಪ್ಪು ನೇಮ್‌ಟ್ಯಾಗ್, ಹೆಸರಿಗೆ ಮುಂಚೆ ಹುಡುಗರಿಗೆ ಎಲ್ಡರ್, ಹುಡುಗಿಯರಿಗೆ ಸಿಸ್ಟರ್. ಎಲ್ಲಿಗೆ ಹೋದ್ರೂ ಜೋಡಿಯಾಗೇ. ಯಾವ ಊರು, ಯಾವ ಭಾಷೆ ಅನ್ನೋದನ್ನ ಅವರು ಆರಿಸ್ಕೊಳ್ಳೋದಿಲ್ಲ, ಚರ್ಚಿನಿಂದ ಸೇವೆಯ ಕರೆ ಬಂದಾಗಲೇ ಗೊತ್ತಾಗೋದು.

ಕೆಲವರ ಕರೆಯಲ್ಲಿ ಹ್ಮಾಂಗ್ ಅಂತ ಇರತ್ತೆ, ಲಾವೋಸ್ ಕಡೆಯ ಬೆಟ್ಟದ ಜನರ ಭಾಷೆ ಅದು. ಹಾಗಂತ ಲಾವೋಸ್ ಬೆಟ್ಟಕ್ಕೆ ಹೊರಟ್ರು ಅಂದ್ಕೋಬೇಡಿ. ಹೋಗೋದು ಮಿನೆಸೋಟಾದ ಸೇಂಟ್ ಪಾಲ್, ಕ್ಯಾಲಿಫೋರ್ನಿಯಾದ ಫ್ರೆಸ್ನೊ ಥರದ ಊರುಗಳಿಗೆ. ವಿಯೆಟ್ನಾಂ ಯುದ್ಧದ ಹೊತ್ತಲ್ಲೇ ಲಾವೋಸ್‌ನಲ್ಲಿ ನಡೆದ ಗುಪ್ತ ಯುದ್ಧದಲ್ಲಿ ಅಮೆರಿಕದ ಸಿಐಎ ಜತೆ ನಿಂತ ಹ್ಮಾಂಗ್ ಜನ 1975ರಿಂದ ಮೆಕಾಂಗ್ ನದಿ ದಾಟಿ ಥಾಯ್ಲೆಂಡ್ ಶಿಬಿರಗಳಿಗೆ ಬಂದ್ರು, ಅಲ್ಲಿಂದ ಅಮೆರಿಕಕ್ಕೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಚಿನ್ನ ಗೆದ್ದ ಸುನಿಸಾ ಲೀ ನೆನಪಿದಾಳಲ್ಲ, ಆಕೆ ಸೇಂಟ್ ಪಾಲ್‌ನ ಹ್ಮಾಂಗ್ ಮನೆಯ ಹುಡುಗಿ. ಎಂಥ ಬ್ಯಾಲೆನ್ಸ್ ಅದು! ಸರಿ, ಸರಿ, ಬೆಟ್ಟದ ಶಾಟ್ ಮುಗೀತು, ಮೇಜಿಗೆ ಬರೋಣ.

ಭಾಷೆ ಕಲಿಯೋರಿಗೆ ತರಬೇತಿ 6ರಿಂದ 9 ವಾರ. ಶುರುವಿನ ದಿನಗಳಲ್ಲೇ ಆ ಭಾಷೆಯಲ್ಲಿ ಪ್ರಾರ್ಥನೆ, ಪರಿಚಯ, ಸಣ್ಣ ಪಾಠ ಹೇಳಿಸ್ತಾರೆ. ಬಾಯಿಪಾಠ ಮಾಡಿ ಒಪ್ಪಿಸೋದು ಸುಲಭ. ಎಡವೋದು ಎಲ್ಲಿ ಅಂದ್ರೆ, ಈ ಹಾಳೆಯಲ್ಲಿ.

ಹತ್ತಿರ ತೋರಿಸ್ತೀನಿ. ಇಂಗ್ಲಿಷ್ ಅಕ್ಷರ ಕಾಣ್ತಿದೆ, ಅಲ್ವಾ? ಪಿ-ಓ-ಎಂ. ಹೊಸಬರು ಪಾಮ್ ಅಂತಾರೆ. ತಪ್ಪು. ಕೊನೇ ಎಂ ಉಚ್ಚಾರವೇ ಆಗಲ್ಲ, ಅದು ಸ್ವರದ ಗುರುತು. ಸ್ವರ ಅಂದ್ರೆ ಇಲ್ಲಿ ಅ, ಆ, ಇ ಅಲ್ಲ, ದನಿಯ ಏರಿಳಿತ. ಹ್ಮಾಂಗ್‌ನಲ್ಲಿ ಪದ ವ್ಯಂಜನದಲ್ಲಿ ಮುಗಿಯೋದಿಲ್ಲ, ಮೂಗಿನ ಙ್ ಒಂದನ್ನ ಬಿಟ್ಟು. ಹಾಗಾಗಿ ಕೊನೇ ಜಾಗ ಖಾಲಿ ಇತ್ತು, ಅಲ್ಲಿ ಸ್ವರ ಕೂರಿಸಿದ್ರು. ಬಿ ಇದ್ರೆ ಮೇಲಿನ ಶ್ರುತಿ, ನೆಟ್ಟಗೆ. ಜೆ ಇದ್ರೆ ಮೇಲಿಂದ ಜಾರತ್ತೆ. ವಿ ಅಂದ್ರೆ ನಡುವಿಂದ ಏರತ್ತೆ. ಏನೂ ಇಲ್ಲದಿದ್ರೆ ನಡು ಶ್ರುತಿ. ಎಸ್ ಕೆಳಗೆ. ಜಿ ಉಸಿರು ಬೆರೆತು ಇಳಿಯತ್ತೆ. ಎಂ ಕೆಳಗಿಳಿದು ಗಂಟಲಲ್ಲಿ ತುಂಡಾಗತ್ತೆ. ಡಿ ಕೆಳಗಿಂದ ಏರತ್ತೆ, ಅಪರೂಪ. ಒಟ್ಟು ಎಂಟು.

ಈಗ ಪೊ ಅನ್ನೋದನ್ನೇ ತಗೊಳ್ಳಿ. ಬಿ ಹಾಕಿದ್ರೆ ಉಂಡೆ. ಜೆ ಹಾಕಿದ್ರೆ ಹೆಣ್ಣು. ವಿ ಅಂದ್ರೆ ಎಸೆಯೋದು. ಏನೂ ಹಾಕದಿದ್ರೆ ಗುಲ್ಮ, ಹೊಟ್ಟೆಯೊಳಗಿನ ಅಂಗ. ಎಸ್ ಹಾಕಿದ್ರೆ ಮುಳ್ಳು. ಜಿ ಹಾಕಿದ್ರೆ ಅಪ್ಪನ ಅಮ್ಮ. ಎಂ ಹಾಕಿದ್ರೆ ನೋಡೋದು. "ನಾನು ನಮ್ಮಜ್ಜೀನ ನೋಡ್ದೆ" ಅನ್ನೋಕೆ "ಕು ಪೊ ಕು ಪೊ". ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ. ಬಾಯಲ್ಲಿ ಮೊದಲ ಪೊ ಗಂಟಲಲ್ಲಿ ಕತ್ತರಿಸಬೇಕು, ಎರಡನೇದು ಉಸಿರಿನ ಜತೆ ಇಳೀಬೇಕು. ಅದು ತಪ್ಪಿದ್ರೆ ಅಜ್ಜಿ ಹೋಗಿ ಮುಳ್ಳಾಗ್ತಾಳೆ.

ಈ ಬರವಣಿಗೆ ನೋಡಿದ್ರೆ ನನಗೆ ಸಿಟ್ಟೇ ಬರತ್ತೆ. ಎಂ ಬರೆದು ಎಂ ಓದಬೇಡ ಅಂದ್ರೆ ಕಲಿಯೋರ ಗತಿ ಏನು? ಇದನ್ನ ರೂಪಿಸಿದೋರೂ ಮಿಷನರಿಗಳೇ, ಲಾವೋಸ್‌ನಲ್ಲಿ, 1951ರಿಂದ 53ರ ಹೊತ್ತಿಗೆ: ಪ್ರಾಟೆಸ್ಟೆಂಟ್ ಕಡೆಯಿಂದ ವಿಲಿಯಂ ಸ್ಮಾಲಿ, ಲಿನ್‌ವುಡ್ ಬಾರ್ನಿ, ಕ್ಯಾಥೋಲಿಕ್ ಕಡೆಯಿಂದ ಇವ್ ಬರ್ತ್ರೇ. ಇನ್ನೊಂದು ಗುರುತು ಇಡಬಹುದಿತ್ತು, ನೆತ್ತಿ ಮೇಲೊಂದು ಗೆರೆ, ಒಂದು ಚುಕ್ಕಿ... ಇಲ್ಲ, ತಡೀರಿ, ಈ ಮಾತು ವಾಪಸ್ ತಗೋತೀನಿ. ಗೆರೆ ಚುಕ್ಕಿ ಇಲ್ಲದ್ದಕ್ಕೇ ಸಾಧಾರಣ ಟೈಪ್‌ರೈಟರ್‌ನಲ್ಲಿ ಹ್ಮಾಂಗ್ ಹೊಡೆಯೋಕೆ ಆಯ್ತು. ಊರು ಬಿಟ್ಟು ಚದುರಿದ ಜನ ಕಾಗದ ಬರೆಯೋಕಾಯ್ತು, ಈಗ ಫೋನಲ್ಲಿ ಯಾವ ಕೀಬೋರ್ಡೂ ಹಾಕ್ಕೊಳ್ಳದೆ ಮೆಸೇಜ್ ಕಳಿಸೋಕೆ ಆಗ್ತಿದೆ. ಅದು ದೊಡ್ಡ ಉಪಕಾರ.

ಫೋನ್ ಅಂದಾಗ ಒಂದು ತಕರಾರು, ಇದನ್ನ ಹೇಳದೆ ಮುಂದೆ ಹೋಗಲ್ಲ. ಆಟೋಕರೆಕ್ಟ್! ಅಭ್ಯಾಸಕ್ಕೆ ಅಂತ ಹ್ಮಾಂಗ್ ಪದ ಟೈಪ್ ಮಾಡಿ, ಸ್ಪೇಸ್ ಒತ್ತಿದ ಕೂಡಲೇ ಅದನ್ನ ಯಾವುದೋ ಇಂಗ್ಲಿಷ್ ಪದ ಮಾಡಿಬಿಡತ್ತೆ. ಪೂರ್ತಿ ಬದಲಾಯಿಸಿದ್ರೆ ಕಣ್ಣಿಗೆ ಬೀಳತ್ತೆ, ಪರವಾಗಿಲ್ಲ. ಒಂದೇ ಒಂದು ಅಕ್ಷರ ಬದಲಾಯಿಸಿದ್ರೆ ಗೊತ್ತೇ ಆಗಲ್ಲ, ಆ ಒಂದಕ್ಷರವೇ ಸ್ವರ. ಹೊಸಬರು ಆ ತಪ್ಪನ್ನೇ ನೋಟ್‌ಬುಕ್ಕಿಗೆ ಇಳಿಸ್ಕೋತಾರೆ, ಅದನ್ನೇ ಉರು ಹೊಡೀತಾರೆ, ಆಮೇಲೆ ಬಾಯಿಂದ ಬಿಡಿಸೋಕೆ ವಾರಗಟ್ಟಲೆ ಬೇಕು. ಮೊದಲ ದಿನವೇ ಸೆಟ್ಟಿಂಗ್ಸ್, ಕೀಬೋರ್ಡ್, ಆಟೋಕರೆಕ್ಷನ್ ಆಫ್. ಪ್ರೆಡಿಕ್ಷನ್ನೂ ಆಫ್. ದೊಡ್ಡಕ್ಷರ ತಾನಾಗೇ ಬರೋದಿದ್ಯಲ್ಲ, ಅದೂ ಬೇಡ. ಮೂರೂ ತೆಗೀರಿ.

ಈಗ ಕಾರ್ಡು. ಅಚ್ಚಿನ ಕಾರ್ಡ್‌ಗಳಲ್ಲಿ ಎಲ್ಲ ಅಕ್ಷರವೂ ಒಂದೇ ಕಪ್ಪು, ಕಣ್ಣು ಕೊನೇ ಅಕ್ಷರವನ್ನೂ ಓದೇಬಿಡತ್ತೆ. ಕೈಯಲ್ಲೇ ಬರೀರಿ, ಕೊನೇದು ಮಾತ್ರ ಬೇರೆ ಬಣ್ಣ. ಎಂಟು ಸ್ವರಕ್ಕೆ ಎಂಟು ಬಣ್ಣ ಬೇಡ, ಗೊಂದಲ. ಮೇಲಿನವಕ್ಕೆ ಕೆಂಪು, ಕೆಳಗಿನವಕ್ಕೆ ನೀಲಿ, ಉಸಿರಿನದಕ್ಕೆ ಹಸಿರು, ಸಾಕು. ದಿನಕ್ಕೆ 15 ಪದ. ಪದ ಹೇಳೋ ಮುಂಚೆ ಬಾಯಿ ಮುಚ್ಚಿ ಅದರ ಸ್ವರವನ್ನಷ್ಟೇ ಗುನುಗಬೇಕು, ಆಮೇಲೆ ಪದ.

ಎಣಿಕೆಯಿಂದ ಶುರು ಮಾಡೋದು ಒಳ್ಳೇದು. ಇ, ಒ, ಪೇ, ಪ್ಲೌ, ಚೀ: 1ರಿಂದ 5, ಐದಕ್ಕೂ ಬಿ, ಐದೂ ಮೇಲಿನ ಶ್ರುತಿ. ಟೌ, ಶ್ಯಾ: 6, 7, ನಡು ಶ್ರುತಿಗೆ ಇಳೀತು. ಯಿ, 8, ಗಂಟಲಲ್ಲಿ ತುಂಡು. ಚುಅ, 9, ಮೇಲಿಂದ ಜಾರು. ಕೌ, 10, ಮತ್ತೆ ತುಂಡು. ಹತ್ತು ಎಣಿಸೋದ್ರೊಳಗೆ ನಾಲ್ಕು ಸ್ವರ ಕೈಗೆ ಬಂತು.

ಆರಕ್ಕೆ ಟೌ ಅಂದೆ, ಹಾಳೆಯಲ್ಲಿ ಆರ್ ಇದೆ, ಗಮನಿಸಿದ್ರಾ? ಆರ್ ಅಂದ್ರೆ ನಮ್ಮ ಟ. ಆರ್ ಪಕ್ಕ ಎಚ್ ಬಂದ್ರೆ ನಮ್ಮ ಠ. ಎಕ್ಸ್ ಅಂದ್ರೆ ಸ, ಹಾಗಾಗಿ ವೈ-ಇ-ಎಕ್ಸ್-ಯು ಓದಿದ್ರೆ ಯೇಸು, ನಾವು ಹೇಳೋ ಹಾಗೇ. ಕನ್ನಡ ಬಲ್ಲವರು ಇಲ್ಲಿ ನಿಜಕ್ಕೂ ಪುಣ್ಯವಂತರು. ಪ ಬೇರೆ, ಫ ಬೇರೆ ಅನ್ನೋದನ್ನ ಇಂಗ್ಲಿಷ್ ಹುಡುಗರಿಗೆ ಬಾಯಿ ಮುಂದೆ ಕಾಗದದ ಚೂರು ಹಿಡಿದು ಅಲುಗತ್ತಾ ನೋಡು ಅಂತ ಕಲಿಸಬೇಕು. ನಮಗೆ ಒಂದನೇ ಕ್ಲಾಸಲ್ಲೇ ಬಂದಿರತ್ತೆ. ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರೋ ಙ, ಞ ಇವೆಯಲ್ಲ, ಅವು ಇಲ್ಲಿ ದಿನಬಳಕೆ. ನಮಸ್ಕಾರಕ್ಕೆ "ಞೊ ಝೊಙ್". ಎರಡನೇ ಪದದ ಕಾಗುಣಿತ ಇಂಗ್ಲಿಷ್‌ನ ಮೃಗಾಲಯದ್ದೇ, ಝೂ. ಓ ಎರಡು ಸಲ ಬಂದ್ರೆ ಙ್ ಸೇರಿಸು ಅಂತ ಅರ್ಥ. ಹ್ಮಾಂಗ್ ಅನ್ನೋ ಹೆಸರನ್ನೂ ಹಾಗೇ ಬರೀತಾರೆ: ಎರಡು ಓ, ಕೊನೆಗೆ ಬಿ. ಹೆಸರು ಅನ್ನೋದಕ್ಕೆ ಮ್ಬೆ. ಅಂಬೆ ಅಂತ ಹೇಳಿ ಅ ನುಂಗಿದ್ರೆ ಬಂತು.

ನಾವು ಎಡವೋದು ಪ್ರಶ್ನೆಯಲ್ಲಿ. ಪ್ರಶ್ನೆ ಅಂದ ಕೂಡಲೇ ಕೊನೇ ಪದ ಎತ್ತಿ ಹೇಳ್ತೀವಿ. "ನೋಡಿದ್ಯಾ?" ಅಂತ ಎತ್ತಿದ್ರೆ ಗಂಟಲಲ್ಲಿ ತುಂಡಾಗಬೇಕಿದ್ದ ಪೊ ಮೇಲೆ ಹೋಗಿ ಉಂಡೆ ಆಗತ್ತೆ. ಹ್ಮಾಂಗ್‌ನಲ್ಲಿ ಪ್ರಶ್ನೆಗೆ ಕ್ರಿಯಾಪದದ ಮುಂಚೆ ಪುಅ ಅನ್ನೋ ಪದ ಸೇರಿಸಿದ್ರೆ ಮುಗೀತು, ದನಿ ಎತ್ತೋದೇ ಬೇಡ.

ಇನ್ನೊಂದು, ಬೇಗ ಹೇಳ್ತೀನಿ, ಅನ್ನ ಆಗ್ತಾ ಬಂತು. ನ್ದಾ ಅಂದ್ರೆ ಕಾಗದ. ಮುಂದೆ ಫೌ ಸೇರಿಸಿದ್ರೆ ಪುಸ್ತಕ, ಡಾಯಿ ಸೇರಿಸಿದ್ರೆ ಹಾಳೆ, ಚಾ ಸೇರಿಸಿದ್ರೆ ಬಂದ ಪತ್ರ. ವಸ್ತುವಿನ ಆಕಾರಕ್ಕೆ ತಕ್ಕ ಹಾಗೆ ಈ ಪುಟ್ಟ ಪದ ಬದಲಾಗತ್ತೆ. ವಸ್ತುವಿನ ಹೆಸರನ್ನ ಒಂಟಿಯಾಗಿ ಕಾರ್ಡಿಗೆ ಬರೀಬೇಡಿ, ಜೋಡಿ ಪದದ ಜತೆಗೇ ಬರೀರಿ. ಕ್ರಿಯಾಪದ ಮಾತ್ರ ಆರಾಮ. ಹೋದೆ, ಹೋದ, ಹೋದಳು ಅಂತ ನಮ್ಮ ಥರ ರೂಪ ಬದಲಾಗಲ್ಲ.

ಕುಕ್ಕರ್ ಆಫ್ ಆಯ್ತು. ಹ್ಮಾಂಗ್ ಮನೆಗೆ ಹೋದ್ರೆ ಮೊದಲು ಕಿವಿಗೆ ಬೀಳೋದು "ಲೊ ನೊ ಮೊ", ಬನ್ನಿ, ಊಟ ಮಾಡಿ. ನೊ ಅಂದ್ರೆ ತಿನ್ನೋದು, ಮೊ ಅಂದ್ರೆ ಅನ್ನ. ನಮ್ಮಲ್ಲಿ "ಊಟ ಆಯ್ತಾ?" ಅನ್ನೋ ಹಾಗೆ ಅವರಲ್ಲೂ ಮಾತು ಶುರುವಾಗೋದು ಊಟದಿಂದ. ಲೊ ಕೆಳಗೆ, ನೊ ಮೇಲಿಂದ ಜಾರು, ಮೊ ನಡುವಿಂದ ಏರು. ಬಡಿಸಿದ ಮೇಲೆ "ಉಅ ಚೌ" ಅನ್ನಿ, ಧನ್ಯವಾದ. ಚೌ ಕೊನೆಯಲ್ಲಿ ಜಿ ಇದೆ, ಉಸಿರು ಬಿಡೋದು ಮರೀಬೇಡಿ.