ಬಾಟಲಿಗೂ ಒತ್ತೆ, ಅದರ ಹೆಸರು ‘ಪ್ಫಂಟ್’

ಈ ಚೀಲದಲ್ಲಿರೋದು ಹತ್ತು ದಿನದ ಖಾಲಿ ಬಾಟಲಿ. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಬೆಳಗ್ಗೆಯಿಂದ ಜಿಟಿಜಿಟಿ ಮಳೆ, ಆದ್ರೂ ಹೊತ್ಕೊಂಡು ಬಂದಿದ್ದೀನಿ. ದುಡ್ಡು ಇದೆಯಲ್ಲ ಇದರಲ್ಲಿ! ಕೊಳ್ಳೋವಾಗ ಬಾಟಲಿಗೂ ಒಂದಿಷ್ಟು ದುಡ್ಡು ಕಟ್ಟಬೇಕು, ಖಾಲಿ ಬಾಟಲಿನ ಅಂಗಡಿಯ ಯಂತ್ರಕ್ಕೆ ಹಾಕಿದ್ರೆ ಅದು ವಾಪಸ್. ಜರ್ಮನ್ನರು ಇದಕ್ಕೆ ‘ಪ್ಫಂಟ್’ ಅಂತಾರೆ. ಒತ್ತೆ, ಅಡವು ಅಂತ ಅರ್ಥ.

ಒಂದೇ ಸಲ ಬಳಸೋ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್, ಮಾಮೂಲಿ ಬಿಯರ್ ಬಾಟಲಿಗೆ 8. ಪ್ಲಾಸ್ಟಿಕ್‌ಗೆ ಈ ಕಾನೂನು ಬಂದಿದ್ದು 2003ರಲ್ಲಿ. ಅಗ್ಗದ ಅಂಗಡಿಗಳಲ್ಲಿ ಎಷ್ಟೋ ಸಲ ಒಳಗಿನ ನೀರಿನ ಬೆಲೆ, ಒತ್ತೆ ಎರಡೂ ಹೆಚ್ಚುಕಮ್ಮಿ ಒಂದೇ.

ಅಯ್ಯೋ, ಯಂತ್ರಕ್ಕೆ ಹಾಕಿದ ಬಾಟಲಿ ಮತ್ತೆ ವಾಪಸ್ ಬಂತು! ಇದು ಮೂರನೇ ಸಲ. ತಪ್ಪು ನಂದೇ, ಆರು ಬಾಟಲಿ ಹಿಂಡಿಬಿಟ್ಟಿದ್ದೀನಿ. ನಮ್ಮೂರಲ್ಲಿ ರೈಲಲ್ಲಿ ನೀರು ಕುಡಿದ್ರೆ ಬಾಟಲಿ ಹಿಂಡಿಯೇ ಎಸೀಬೇಕು, ಇಲ್ಲಾಂದ್ರೆ ಯಾರೋ ನಲ್ಲಿ ನೀರು ತುಂಬಿ ಮಾರ್ತಾರೆ ಅಂತ ಅಪ್ಪ ಕಲಿಸಿದ್ರು. ಇಲ್ಲಿ ಹಿಂಡಿದ್ರೆ ಬಾರ್‌ಕೋಡ್ ಮಡಚಿಕೊಂಡು ಯಂತ್ರಕ್ಕೆ ಓದೋಕೇ ಆಗಲ್ಲ. ಆರು ಅಂದ್ರೆ ಒಂದೂವರೆ ಯೂರೋ, ಬಿಡೋಕೆ ಮನಸ್ಸಿಲ್ಲ. ಬಾಯಿಟ್ಟು ಊದ್ತೀನಿ. ಹಾಂ, ಉಬ್ಬಿತು, ಬಾರ್‌ಕೋಡ್ ಕಾಣ್ತಿದೆ.

ಊದ್ತಾ ಇರೋವಾಗ್ಲೇ ಹೇಳ್ತೀನಿ, ಡಚ್ ಭಾಷೇಲಿ ಇದೇ ಪದ ಬರೀ ‘ಪಂಟ್’. ಜರ್ಮನ್‌ನಲ್ಲಿ ಬಹಳ ಹಿಂದೆಯೇ ಎಷ್ಟೋ ಪದಗಳ ಮೊದಲಿನ ‘ಪ’ ‘ಪ್ಫ’ ಆಗೋಯ್ತು. ಇಂಗ್ಲಿಷಿನ ಪೆಪ್ಪರ್ ಅಲ್ಲಿ ‘ಪ್ಫೆಫರ್’, ಪೌಂಡ್ ‘ಪ್ಫುಂಟ್’. ನಮ್ಮ ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತಲ್ಲ, ಅದೇ ಥರ! ಇದು ಹೊಳೆದ ದಿನ ನಂಗೆ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ.

ಹಳೇ ಅರ್ಥನೂ ಇನ್ನೂ ಬದುಕಿದೆ. ಗಿರವಿ ಅಂಗಡಿ ‘ಪ್ಫಂಟ್‌ಹೌಸ್’. ಸಾಲ ತೀರಿಸದಿದ್ರೆ ಕೋರ್ಟಿನವರು ಬಂದು ಮನೆ ಸಾಮಾನಿಗೆ ಅಂಟಿಸೋ ಮುದ್ರೆ ‘ಪ್ಫಂಟ್‌ಝೀಗಲ್’. ಜನ ಅದನ್ನ ‘ಕುಕ್ಕುಕ್’, ಕೋಗಿಲೆ ಅಂತಾರೆ. ಹಿಂದೆ ಅದರ ಮೇಲೆ ಸರ್ಕಾರದ ಹದ್ದಿನ ಚಿತ್ರ ಇರ್ತಿತ್ತು, ಹದ್ದನ್ನ ಕೋಗಿಲೆ ಅಂತ ಆಡಿಕೊಂಡ್ರು.

ಮೊದಮೊದಲು ಈ ಪದ್ಧತಿ ಬರೀ ಕಿರಿಕಿರಿ ಅನ್ನಿಸ್ತಿತ್ತು, ಈಗ ಇಲ್ಲ. ಸ್ಟೇಷನ್ನಲ್ಲಿ ಕಸದ ಡಬ್ಬಿಗೆ ಕೈ ಹಾಕಿ ಬಾಟಲಿ ಹುಡುಕೋ ಒಬ್ಬ ಅಜ್ಜನ್ನ ನೋಡಿದೆ. ಅವತ್ತಿಂದ ಹೊರಗಡೆ ಕುಡಿದ ಬಾಟಲಿನ ಡಬ್ಬಿ ಒಳಗೆ ಹಾಕಲ್ಲ, ಪಕ್ಕದಲ್ಲಿ ನಿಲ್ಲಿಸಿ ಬರ್ತೀನಿ. ಇಲ್ಲಿ ತುಂಬ ಜನ ಹಾಗೇ ಮಾಡ್ತಾರೆ.

ಐದು ಹೋಯ್ತು. ಆರನೇದು ತಗೊಳ್ತಾನೇ ಇಲ್ಲ, ಕೌಂಟರಲ್ಲಿ ಕೇಳ್ತೀನಿ. ಹಿಂದೆ ಸಾಲು ಬೆಳೀತಿದೆ, ಹಸಿರು ಗುಂಡಿ ಒತ್ತಿ ದುಡ್ಡಿನ ಚೀಟಿ ತಗೊಂಡು ಬಂದೆ, ಇರಿ.