ವೇರಿಯಬಲ್‌ನಿಂದ ಫೈಲಿಗೆ

ಕೇಳುಗ ಮಿತ್ರರೇ, ನಮಸ್ಕಾರ.

ವೇರಿಯಬಲ್‌ಗೆ ಒಂದು ಹೆಸರು, ಅದರಲ್ಲೊಂದು ಬೆಲೆ, ಅಂದರೆ ಸಂಖ್ಯೆಯೋ ಪದವೋ. ಪ್ರೋಗ್ರಾಮಿಂಗ್ ಕಲಿಯುವವರಿಗೆ ಶುರುವಿನಲ್ಲೇ ಸಿಗುವ ಪಾಠ ಇದು. ಆದರೆ ಆ ಬೆಲೆ ಇರುವುದು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ. ಪ್ರೋಗ್ರಾಂ ಮುಗಿಯಿತೋ, ಬೆಲೆಯೂ ಹೋಯಿತು. ನಾಳೆಗೂ ಬೇಕೆಂದರೆ ಫೈಲಿಗೆ ಬರೆದಿಡಬೇಕು. ಹಾಗೆ ಬರೆಯುವಾಗ ನಾಳೆ ಅದನ್ನು ಓದುವ ಪ್ರೋಗ್ರಾಮನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು ಎಂಬುದೇ ನನ್ನ ಇವತ್ತಿನ ಮಾತು.

ಟೆಕ್ಸ್ಟ್ ಫೈಲಿಗೆ ಗೊತ್ತಿರುವುದು ಅಕ್ಷರಗಳು ಮಾತ್ರ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ರೈಟ್ ಎಂದು ಹೇಳಿ ನೇರವಾಗಿ ಒಂದು ಸಂಖ್ಯೆ ಕೊಟ್ಟರೆ ಟೈಪ್ ಎರರ್ ಬರುತ್ತದೆ. ಮೊದಲು ಅದನ್ನು ಸ್ಟ್ರಿಂಗ್, ಅಂದರೆ ಅಕ್ಷರಗಳ ಸರಣಿ, ಮಾಡಬೇಕು. 2016ರಲ್ಲಿ ಬಂದ 3.6ನೇ ಆವೃತ್ತಿಯಿಂದ, ಬರಹದ ನಡುವೆಯೇ ಬೆಲೆಯನ್ನು ಸೇರಿಸುವ ಎಫ್-ಸ್ಟ್ರಿಂಗ್ ಇರುವುದರಿಂದ ಇದು ಸಲೀಸು. ಆದರೆ ರೈಟ್ ತಾನಾಗಿ ಸಾಲು ಮುರಿಯುವುದಿಲ್ಲ. 10 ಬರೆದು, ಆಮೇಲೆ 25 ಬರೆದರೆ ಫೈಲಿನಲ್ಲಿ ಕಾಣುವುದು 1025. ಅದು 10 ಮತ್ತು 25 ಇದ್ದೀತು, 102 ಮತ್ತು 5 ಇದ್ದೀತು, ಒಂದೇ ಸಂಖ್ಯೆಯೂ ಇದ್ದೀತು. ನೋಡಿ ಹೇಳುವ ದಾರಿಯೇ ಇಲ್ಲ. ಆದ್ದರಿಂದ ಸಾಲಿಗೊಂದು ಬೆಲೆ, ಬೆಲೆಯ ಮುಂದೆ ಅದರ ಹೆಸರು, ನಡುವೆ ಸಮಚಿಹ್ನೆ. ಇಷ್ಟು ಮಾಡಿದರೆ ಸಾಕು, ಫೈಲನ್ನು ಕಣ್ಣಿನಿಂದಲೇ ಓದಬಹುದು.

ಇನ್ನು ವಾಪಸ್ ಓದುವಾಗ. ಅಲ್ಲಿಂದ ಬರುವ 10 ಸಂಖ್ಯೆಯಲ್ಲ, ಒಂದು ಮತ್ತು ಸೊನ್ನೆ ಎಂಬ ಎರಡು ಅಕ್ಷರ. ಅದಕ್ಕೆ ಅದೇ ರೀತಿ ಓದಿದ 5 ಕೂಡಿಸಿದರೆ 105 ಬರುತ್ತದೆ. ಇದಾದರೂ ಕಣ್ಣಿಗೆ ಬೀಳುತ್ತದೆ. ನನಗೆ ಹೆಚ್ಚು ಅಪಾಯಕಾರಿ ಅನ್ನಿಸುವುದು ಫಾಲ್ಸ್, ಅಂದರೆ ‘ಸುಳ್ಳು’, ಎಂಬ ಬೆಲೆ. ಫೈಲಿನಿಂದ ಆ ಪದವನ್ನು ಓದಿ, ಬೆಲೆಯನ್ನು ಟ್ರೂ ಅಥವಾ ಫಾಲ್ಸ್ ಮಾಡಿಕೊಡುವ ಬೂಲ್‌ಗೆ ಕೊಟ್ಟರೆ ಪೈಥಾನ್ ಟ್ರೂ, ಅಂದರೆ ‘ನಿಜ’, ಅನ್ನುತ್ತದೆ! ಖಾಲಿಯಲ್ಲದ ಸ್ಟ್ರಿಂಗ್ ಯಾವುದಾದರೂ ಅದಕ್ಕೆ ಟ್ರೂ. ಎರರ್ ಸಂದೇಶವೂ ಇಲ್ಲ, ಪ್ರೋಗ್ರಾಂ ತಪ್ಪು ದಾರಿಯಲ್ಲಿ ಓಡುತ್ತಲೇ ಇರುತ್ತದೆ. ಹಲವು ಬಗೆಯ ಬೆಲೆಗಳಿದ್ದರೆ ಬೆಲೆಯ ಬಗೆಯನ್ನೂ ಉಳಿಸುವ ಜೇಸನ್ ಎಂಬ ಪಠ್ಯ ರೂಪದಲ್ಲಿ ಬರೆಯುವುದು ಒಳ್ಳೆಯದು. ಸಂಖ್ಯೆ ಸಂಖ್ಯೆಯಾಗಿ, ಫಾಲ್ಸ್ ಫಾಲ್ಸ್ ಆಗಿಯೇ ಮರಳಿ ಬರುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಫೈಲ್ ತೆರೆಯುವಾಗ ಎನ್ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್ ಆಗಿಸುವ ಕ್ರಮ, ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್. ‘ಕನ್ನಡ’ ಎಂಬ ಪದ ಪರದೆಯ ಮೇಲೆ ಮೂರಕ್ಷರ. ಒಳಗೆ ಕ, ನ, ಅದನ್ನು ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೆ ನ, ಡ ಎಂದು 5 ಸಂಕೇತ, ಒಟ್ಟು 15 ಬೈಟ್. ಹೇಳದೆ ಬಿಟ್ಟರೆ, ವಿಂಡೋಸ್‌ನಲ್ಲಿ ಬಹಳ ಕಾಲ ಪೈಥಾನ್ ಬಳಸುತ್ತ ಬಂದದ್ದು ಆ ಯಂತ್ರದ ಹಳೆಯ ಸಂಕೇತಪಟ್ಟಿಯನ್ನು. ಅದರಲ್ಲಿ ಸಾಮಾನ್ಯವಾಗಿ ಕನ್ನಡಕ್ಕೆ ಜಾಗವೇ ಇರುವುದಿಲ್ಲ, ಬರೆಯಹೊರಟ ತಕ್ಷಣ ಎರರ್.

ಅಷ್ಟು ಹೊತ್ತಿಗೆ ಹಳೆಯ ಫೈಲೂ ಹೋಗಿರಬಹುದು. ಫೈಲ್ ತೆರೆಯುವ ಓಪನ್‌ಗೆ ಡಬ್ಲ್ಯೂ ಎಂಬ ಅಕ್ಷರ ಕೊಟ್ಟರೆ ಇದ್ದ ಬರಹ ಅಳಿಯುವುದು ಫೈಲ್ ತೆರೆದ ಕ್ಷಣದಲ್ಲೇ. ಹೊಸದನ್ನು ಬರೆಯುವ ತನಕ ಅದು ಕಾಯುವುದಿಲ್ಲ. ಎ ಕೊಟ್ಟರೆ ಹಳೆಯದರ ಕೊನೆಗೆ ಸೇರುತ್ತದೆ. ಎಕ್ಸ್ ಕೊಟ್ಟರೆ, ಆ ಹೆಸರಿನ ಫೈಲ್ ಮೊದಲೇ ಇದ್ದಲ್ಲಿ ತೆರೆಯಲು ಒಪ್ಪುವುದಿಲ್ಲ.

ರೈಟ್ ಅಂದಕೂಡಲೇ ಎಲ್ಲವೂ ಡಿಸ್ಕ್ ಸೇರುವುದಿಲ್ಲ. ಸ್ವಲ್ಪ ಹೊತ್ತು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕೂಡಿಕೊಂಡಿರುತ್ತದೆ. ವಿತ್ ಎಂದು ಶುರುಮಾಡಿ ಅದರೊಳಗೆ ಬರೆದರೆ, ನಡುವೆ ದೋಷ ಬಂದರೂ ಪೈಥಾನೇ ಫೈಲ್ ಮುಚ್ಚಿ ಬಫರ್ ಖಾಲಿ ಮಾಡುತ್ತದೆ. ಕಳೆದುಹೋಗಬಾರದ ಮಾಹಿತಿಯಾದರೆ ಮೊದಲು ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನ ಫೈಲಿಗೆ ಪೂರ್ತಿ ಬರೆದು ಮುಚ್ಚಿ, ಆಮೇಲೆ ಪೈಥಾನ್ ಜೊತೆಗೇ ಬರುವ ಓಎಸ್ ಮಾಡ್ಯೂಲ್‌ನ ರಿಪ್ಲೇಸ್‌ನಿಂದ ಹಳೆಯದರ ಜಾಗಕ್ಕೆ ತನ್ನಿ. ಬರೆಯುವಾಗ ಪ್ರೋಗ್ರಾಂ ನಿಂತುಹೋದರೂ ಹಿಂದಿನ ಫೈಲ್ ಇದ್ದ ಹಾಗೇ ಇರುತ್ತದೆ.

ನಮಸ್ಕಾರ.